ಮೇಜಿನಾಟ ಕಲಿಯೋದು, ಕೂಡಿಡೋದು, ಹೊಸದಾಗಿ ಕಟ್ಟೋದು: ಒಂದು ಸಮಗ್ರ ಮಾರ್ಗದರ್ಶಿ

ಹಳೇ ಆಟ ಕಲಿಯೋರು ಒಂದು ಕಡೆ, ಡಬ್ಬಿ ಮೇಲೆ ಡಬ್ಬಿ ಕೊಂಡು ಕಪಾಟು ತುಂಬೋರು ಇನ್ನೊಂದು ಕಡೆ, ಸ್ವಂತ ಆಟ ಕಟ್ಟಬೇಕು ಅಂತ ತಲೆ ಕೆಡಿಸಿಕೊಂಡೋರು ಮತ್ತೊಂದು ಕಡೆ. ಈ ಮೂರು ಗುಂಪಿನವರು ಪರಸ್ಪರ ಮಾತಾಡುವುದೇ ಕಡಿಮೆ. ನನ್ನ ಲೆಕ್ಕದಲ್ಲಿ ಮೂರೂ ಒಂದೇ ಕೆಲಸ. ಆಟದಲ್ಲಿ ಪ್ರತಿ ನಿಯಮಕ್ಕೂ ಒಂದು ಕಸುಬಿದೆ. ಆ ಕಸುಬು ಏನು ಅಂತ ಪತ್ತೆ ಮಾಡುವುದು ಕಲಿಕೆ, ಮರೆಯುವ ಮುಂಚೆ ಬರೆದಿಡುವುದು ಸಂಗ್ರಹ, ಎತ್ತಿ ಬೇರೆ ಕಡೆ ಕೂರಿಸಿ ನೋಡುವುದು ವಿನ್ಯಾಸ. ಹಾಗಾಗಿ ಮೂರನ್ನೂ ಒಟ್ಟಿಗೆ ಶುರು ಮಾಡಿ ಅಂತಲೇ ಹೇಳುತ್ತೇನೆ. ದುಡ್ಡು ಹೆಚ್ಚು ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಸ್ವಲ್ಪ ರಟ್ಟು, ಎರಡು ಬಣ್ಣದ ಗುಂಡಿಗಳು ಸಾಕು.

ಹಂತ 1: ಯಾವ ಆಟದಿಂದ ಶುರು ಮಾಡಬೇಕು

ಜಗತ್ತಿನಲ್ಲಿ ಸಾವಿರಾರು ಆಟಗಳಿವೆ, ಆದರೆ ಮನೆತನಗಳು ಕೆಲವೇ. ಒಂದೊಂದು ಮನೆತನದಿಂದ ಒಂದು ಆಟ ಚೆನ್ನಾಗಿ ಕಲಿತರೆ ಉಳಿದವು ಬೇಗ ಒಲಿಯುತ್ತವೆ.

ಓಟದ ಆಟಗಳಲ್ಲಿ ಗರ ಹಾಕಿ, ಅಂದರೆ ದಾಳ ಅಥವಾ ಕವಡೆ ಎಸೆದು, ಕಾಯಿ ನಡೆಸಿ ಎದುರಾಳಿಗಿಂತ ಮೊದಲು ಹಣ್ಣು ಮಾಡಬೇಕು, ಅಂದರೆ ಕೊನೆಯ ಮನೆ ಸೇರಿಸಬೇಕು. ಪಗಡೆ, ಚೌಕಾಬಾರ, ಬ್ಯಾಕ್‌ಗ್ಯಾಮನ್ ಎಲ್ಲ ಈ ಸಾಲಿನವು. ಬಿತ್ತುವ ಆಟಗಳಲ್ಲಿ ಗುಳಿಯಿಂದ ಬೀಜ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗುತ್ತೇವೆ: ಏಳರ ಎರಡು ಸಾಲಿನ ಅಳಗುಳಿಮಣೆ, ಆಫ್ರಿಕಾದ ಓವಾರೆ. ಓವಾರೆಗೆ ಆರರ ಎರಡು ಸಾಲು, ಗುಳಿಗೆ ನಾಲ್ಕರಂತೆ 48 ಬೀಜ. ಬೇಟೆಯ ಆಟಗಳಲ್ಲಿ ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ. 3 ಹುಲಿ, 15 ಕುರಿಯ ಆಟ ಗೊತ್ತಲ್ವಾ? ನೇಪಾಳದ ಬಾಘ್‌ಚಾಲ್ ಅದರ ನೆಂಟ: 25 ಬಿಂದುಗಳ ಮೇಲೆ 4 ಹುಲಿ, 20 ಆಡು. ಸಾಲು ಕೂಡಿಸುವ ಆಟಗಳಲ್ಲಿ ಮೂರು ಕಾಯಿ ಸಾಲಾದರೆ ಎದುರಾಳಿಯ ಒಂದು ಕಾಯಿ ಹೋಯಿತು. ನಮ್ಮ ಸಾಲುಮನೆ, ಯುರೋಪಿನ ನೈನ್ ಮೆನ್ಸ್ ಮಾರಿಸ್ ಹಾಗೆ. ಇನ್ನು ಯುದ್ಧ ಅಂದರೆ ಚದುರಂಗ, ಜಾಗ ಹಿಡಿಯೋದು ಅಂದರೆ ಗೋ, ಪಟದ ಎದುರುಬದುರಿನ ಎರಡು ಅಂಚು ಕೂಡಿಸೋದು ಅಂದರೆ ಹೆಕ್ಸ್.

ಹೊಸ ಕಾಲದ ಆಟಗಳಲ್ಲೂ ಇದೇ ರೀತಿ ನಾಲ್ಕೈದನ್ನು ಆರಿಸಿಕೊಳ್ಳಿ. ಕೊಡು-ಕೊಳ್ಳುವ ವ್ಯಾಪಾರಕ್ಕೆ 1995ರ ಕೆಟಾನ್, ಆಡುತ್ತಾ ಆಡುತ್ತಾ ನಿಮ್ಮದೇ ಕಾರ್ಡಿನ ಕಟ್ಟು ಕಟ್ಟಿಕೊಳ್ಳುವುದಕ್ಕೆ 2008ರ ಡೊಮಿನಿಯನ್, ಎಲ್ಲರೂ ಸೇರಿ ಆಟದ ವಿರುದ್ಧವೇ ಆಡುವುದಕ್ಕೆ ಅದೇ ವರ್ಷದ ಪ್ಯಾಂಡೆಮಿಕ್, ಮಾತಿನಾಟಕ್ಕೆ 2015ರ ಕೋಡ್‌ನೇಮ್ಸ್. ಎಲ್ಲವನ್ನೂ ಕೊಳ್ಳಲೇಬೇಕು ಅಂತಿಲ್ಲ. ಇರೋರ ಹತ್ತಿರ ಹೋಗಿ ಆಡಿ.

ಶುರು ಮಾಡೋಕೆ ನನ್ನ ಆಯ್ಕೆ ಕಾಗದದ ಮೇಲೆ ಗೀಚಿಕೊಳ್ಳಬಹುದಾದ ಹಳೇ ಆಟಗಳು. ಕಾರಣ ಸರಳ. ಗೀಚಿದ ಪಟವನ್ನು ಕೆಡಿಸೋಕೆ ಭಯ ಇರುವುದಿಲ್ಲ. ದುಬಾರಿ ಡಬ್ಬಿಯ ಆಟದ ನಿಯಮ ತಿದ್ದಿ ನೋಡೋಕೆ ಬಹಳ ಜನರಿಗೆ ಕೈ ಬರುವುದೇ ಇಲ್ಲ.

ಹಂತ 2: ಒಂದು ಆಟವನ್ನು ಮೂರು ಸುತ್ತಿನಲ್ಲಿ ಕಲಿಯಿರಿ

ಮೊದಲ ಸುತ್ತು ಗೆಲ್ಲೋಕಲ್ಲ. ನಡೆಗಳನ್ನು ಬಾಯಿಬಿಟ್ಟು ಹೇಳಿ ಆಡಿ, ಬೇಕಾದರೆ ನಡೆ ವಾಪಸ್ ತಗೊಳ್ಳಿ. ದೊಡ್ಡ ಪಟ ಇದ್ದರೆ ಚಿಕ್ಕದು ಮಾಡಿಕೊಳ್ಳಿ. ಗೋ ಆಟದ ಪೂರ್ತಿ ಪಟ 19×19, ಅಂದರೆ 361 ಬಿಂದು. ಹೊಸಬರು ಅದರ ಮುಂದೆ ಕೂತರೆ ಎಲ್ಲಿ ಕಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ. 9×9ರ ಪಟದಲ್ಲಿ ಕಾಯಿ ಸೆರೆಯಾಗೋದು, ಬದುಕೋದು ಎಲ್ಲ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಎರಡನೇ ಸುತ್ತಿನಲ್ಲಿ ಗೆಲ್ಲೋಕೆ ಆಡಿ. ಬೇಟೆ ಆಟವಾದರೆ ಕಡೆ ಬದಲಿಸಿ ಎರಡು ಸಲ ಆಡಿ. ಹುಲಿಯಾಗಿ ಮಾತ್ರ ಆಡಿದವರಿಗೆ ಆ ಆಟ ಅರ್ಧವೇ ಗೊತ್ತಿರುತ್ತದೆ. ಕುರಿ ಕಡೆ ಕೂತಾಗಲೇ ಗೊತ್ತಾಗುವುದು: ಒಂದೊಂದು ಕುರಿಗೂ ಹಿಂದೆ ಬೆನ್ನು ಕಾಯೋರು ಬೇಕು, ಹುಲಿ ಹಾರಿ ಇಳಿಯುವ ಬಿಂದುವನ್ನೇ ತುಂಬಿಬಿಡಬೇಕು.

ಮೂರನೇ ಸುತ್ತೇ ಮುಖ್ಯ, ಜನ ಬಿಟ್ಟುಬಿಡುವುದೂ ಅದನ್ನೇ. ಒಂದು ನಿಯಮ ಕಿತ್ತು ಹಾಕಿ ಆಡಿ. ಓವಾರೆಯಲ್ಲಿ ಎದುರಾಳಿಯ ಕಡೆ ಬೀಜ ಖಾಲಿಯಾಗಿದ್ದರೆ, ಅವರಿಗೆ ಬೀಜ ತಲುಪುವ ಹಾಗೆಯೇ ನಾವು ನಡೆಯಬೇಕು ಅಂತ ಒಂದು ನಿಯಮವಿದೆ. ಓದುವಾಗ ಏನೋ ಸೌಜನ್ಯ ಅನಿಸುತ್ತದೆ. ಅದನ್ನು ತೆಗೆದು ಆಡಿ ನೋಡಿ: ಮುಂದಿರುವವರು ತಮ್ಮ ಕಡೆ ಬೀಜ ಕೂಡಿಹಾಕಿಕೊಂಡು ಎದುರಾಳಿಯನ್ನು ಹಸಿವಿನಿಂದ ಸಾಯಿಸಲು ಶುರು ಮಾಡುತ್ತಾರೆ, ಕಡಿಯುವ ಆಟ ಹೋಗಿ ಕೂಡಿಡುವ ಆಟ ಉಳಿಯುತ್ತದೆ. ಆಗ ನಿಯಮದ ಕಸುಬು ಗೊತ್ತಾಯಿತಲ್ಲ, ಅದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಇಂಥ ಸಾಲುಗಳೇ ಮುಂದೆ ಆಟ ಕಟ್ಟುವಾಗ ಬಂಡವಾಳ.

ಹಂತ 3: ಗರದ ಲೆಕ್ಕ ಒಂದಿಷ್ಟು ಗೊತ್ತಿರಲಿ

ಗಣಿತ ಅಂದ ಕೂಡಲೇ ಓಡಬೇಡಿ, ಕೂಡೋದು ಗುಣಿಸೋದು ಸಾಕು. ಎರಡು ದಾಳ ಉರುಳಿಸಿದರೆ 36 ಜೋಡಿ ಬರಬಹುದು. ಅದರಲ್ಲಿ 7 ಆಗೋದು 6 ರೀತಿ, 6 ಅಥವಾ 8 ಆಗೋದು ತಲಾ 5 ರೀತಿ, 2 ಅಥವಾ 12 ಆಗೋದು ಒಂದೇ ರೀತಿ. ಕೆಟಾನ್ ಆಟದಲ್ಲಿ 6 ಮತ್ತು 8ನ್ನು ಕೆಂಪಗೆ ಬರೆದಿರುವುದಕ್ಕೂ, 7 ಬಿದ್ದರೆ ಕಳ್ಳ ಅನ್ನುವ ಕಾಯಿ ಎದ್ದು ಬರುವುದಕ್ಕೂ ಇದೇ ಕಾರಣ.

ಕವಡೆಯದು ಬೇರೆ ಕಥೆ. ಚೌಕಾಬಾರದಲ್ಲಿ ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು, ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಮಗುಚಿದರೆ ಎಂಟು. ಕವಡೆ ಸರಿಸಮವಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ 16 ಗರದಲ್ಲಿ ಸರಾಸರಿ ನಾಲ್ಕು ಸಲ ಒಂದು, ಆರು ಸಲ ಎರಡು, ನಾಲ್ಕು ಸಲ ಮೂರು, ಒಂದು ಸಲ ನಾಲ್ಕು, ಒಂದು ಸಲ ಎಂಟು. ಆದರೆ ನಿಜವಾದ ಕವಡೆ ಅಷ್ಟು ನ್ಯಾಯವಾಗಿ ಬೀಳುವುದಿಲ್ಲ. ಬಾಯಿ ಮೇಲೆ ಬೀಳೋದು ನೂರಕ್ಕೆ 40 ಸಲ ಮಾತ್ರ ಅಂದುಕೊಳ್ಳಿ. ಆಗ ಎಂಟು ಬೀಳೋದು ನೂರಕ್ಕೆ ಸುಮಾರು 13 ಸಲ, ನಾಲ್ಕು ಬೀಳೋದು ಎರಡು ಮೂರು ಸಲ ಅಷ್ಟೇ. ಕವಡೆಯಲ್ಲಿ ಇಷ್ಟು ಸಣ್ಣ ಓರೆ ಇದ್ದರೂ ಆಟದ ಓಟವೇ ಬದಲಾಗುತ್ತದೆ. ನಿಮ್ಮ ಕವಡೆಗಳನ್ನು ನೂರು ಸಲ ಎಸೆದು ಎಣಿಸಿಡಿ, ಬೇಜಾರಿನ ಕೆಲಸ ನಿಜ, ಆದರೆ ಒಂದೇ ಸಲ ಮಾಡಬೇಕಾದ್ದು.

ಗರವೇ ಇಲ್ಲದ ಆಟಗಳಲ್ಲಿ ನೋಡಬೇಕಾದದ್ದು ಮೊದಲು ಆಡುವವರ ಲಾಭ. ಚದುರಂಗದಲ್ಲಿ ಬಿಳಿ ಕಾಯಿಯವರಿಗೆ ಸ್ವಲ್ಪ ಮೇಲುಗೈ ಇದ್ದೇ ಇದೆ. ಗೋದಲ್ಲಿ ಅದನ್ನು ಸರಿದೂಗಿಸಲು ಎರಡನೆಯವರಿಗೆ ಅಂಕ ಕೊಡುತ್ತಾರೆ, ಜಪಾನಿನಲ್ಲಿ 6.5, ಚೀನಾದಲ್ಲಿ 7.5. ಆ ಅರ್ಧ ಅಂಕ ಯಾಕೆ ಅಂದರೆ ಸಮಬಲ ಆಗಬಾರದು ಅಂತ. ಹೆಕ್ಸ್ ಆಟದ್ದು ಇನ್ನೂ ಸೊಗಸು. 1942ರಲ್ಲಿ ಡೆನ್ಮಾರ್ಕಿನ ಪೀಟ್ ಹೈನ್, 1948ರ ಹೊತ್ತಿಗೆ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್, ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡ ಆಟ ಅದು. ಸಮಬಲ ಆಗೋಕೆ ಸಾಧ್ಯವೇ ಇಲ್ಲ, ತಪ್ಪಿಲ್ಲದೆ ಆಡಿದರೆ ಮೊದಲು ಆಡಿದವರೇ ಗೆಲ್ಲುತ್ತಾರೆ ಅಂತ ಸಾಬೀತೂ ಆಗಿದೆ. ಅದಕ್ಕೆ ಮದ್ದು: ಒಬ್ಬರು ಮೊದಲ ಕಲ್ಲಿಡಬೇಕು, ಇನ್ನೊಬ್ಬರು ಅದನ್ನು ನೋಡಿ ಯಾವ ಕಡೆ ಬೇಕೋ ಆರಿಸಿಕೊಳ್ಳಬೇಕು. ತೀರಾ ಒಳ್ಳೆ ಜಾಗಕ್ಕಿಟ್ಟರೆ ಎದುರಾಳಿ ಅದನ್ನೇ ಎತ್ತಿಕೊಳ್ಳುತ್ತಾರೆ. ನಿಮ್ಮ ಆಟದಲ್ಲಿ ಮೊದಲಿಗರಿಗೆ ಲಾಭ ಜಾಸ್ತಿ ಅನಿಸಿದರೆ ಬೇರೆ ಏನೂ ಹುಡುಕುವ ಮುಂಚೆ ಇದನ್ನು ಹಾಕಿ ನೋಡಿ.

ಹಂತ 4: ಡಬ್ಬಿಗಿಂತ ಮೊದಲು ನಿಯಮ ಕೂಡಿಡಿ

ಹಳೇ ಆಟಗಳ ವಿಷಯದಲ್ಲಿ ಕಳೆದುಹೋಗುವುದು ಮಣೆ ಅಲ್ಲ, ನಿಯಮ. ಈಜಿಪ್ಟಿನ ಸೆನೆಟ್ ಆಟದ 30 ಮನೆಯ ಪಟಗಳು ಟೂಟಾಂಖಾಮುನ್ ಸಮಾಧಿಯಲ್ಲೂ ಸಿಕ್ಕಿವೆ, ಕಾಯಿಗಳೂ ಸಿಕ್ಕಿವೆ, ಆಡುವ ರೀತಿಯನ್ನು ಪೂರ್ತಿ ಬರೆದ ಒಂದು ಚೂರೂ ಸಿಕ್ಕಿಲ್ಲ. ಇವತ್ತು ಸೆನೆಟ್ ಅಂತ ಸಿಗುವ ನಿಯಮಗಳೆಲ್ಲ ವಿದ್ವಾಂಸರ ಊಹೆ. ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಊರ್ ನಗರದ ಆಟಕ್ಕೆ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. 20 ಮನೆಯ ಆ ಪಟಗಳನ್ನು 1920ರ ದಶಕದಲ್ಲಿ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಅಗೆದು ತೆಗೆದರು. ಆಟಕ್ಕೆ ನಾಲ್ಕೂವರೆ ಸಾವಿರ ವರ್ಷ ವಯಸ್ಸು. ಅದರ ನಿಯಮದ ಸುಳಿವು ಸಿಕ್ಕಿದ್ದು ಕ್ರಿ.ಪೂ. 177ರ ಒಂದು ಬ್ಯಾಬಿಲೋನಿಯಾದ ಮಣ್ಣಿನ ಹಲಗೆಯಲ್ಲಿ. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕಲ್ ಅದನ್ನು ಓದಿದರು. ಹಲಗೆ ಆಟಕ್ಕಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಈಚಿನದು ಅನ್ನುವುದನ್ನು ಮರೆಯಬಾರದು.

ಇನ್ನೊಂದು ಕಥೆ ಕೇಳಿ. 1732ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಸುತ್ತುವಾಗ ಅಲ್ಲಿನ ಸಾಮಿ ಜನ ತಬ್ಲುಟ್ ಅನ್ನುವ 9×9ರ ಆಟ ಆಡುವುದನ್ನು ನೋಡಿ ಲ್ಯಾಟಿನ್‌ನಲ್ಲಿ ಬರೆದಿಟ್ಟ. ನಡುವೆ ರಾಜ, ಸುತ್ತ ಅವನ 8 ಜನ, ಹೊರಗೆ 16 ದಾಳಿಕೋರರು. 1811ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ರಾಜನನ್ನು ಹಿಡಿಯುವ ನಿಯಮ ತಪ್ಪಾಗಿ ಅನುವಾದವಾಯಿತು. ಸಿಂಹಾಸನದ, ಅಂದರೆ ನಟ್ಟನಡುವಿನ ಮನೆಯ, ಹತ್ತಿರ ಇಲ್ಲದಾಗ ಎರಡು ಕಡೆಯಿಂದ ಒತ್ತಿದರೆ ಸಾಕಾಗಿದ್ದ ರಾಜನನ್ನು ಎಲ್ಲ ಕಡೆಯೂ ನಾಲ್ಕು ದಿಕ್ಕಿನಿಂದ ಸುತ್ತುವರಿಯಬೇಕಾಯಿತು. ಆ ನಿಯಮ ನಂಬಿ ಆಡಿದವರಿಗೆಲ್ಲ ರಾಜನ ಕಡೆಯೇ ಸುಮ್ನೆ ಗೆಲ್ಲುತ್ತಿತ್ತು. ಆಟ ಏಕಪಕ್ಷೀಯ ಅನಿಸಿದರೆ ಹಿಂದಿನವರು ದಡ್ಡರು ಅಂದುಕೊಳ್ಳುವ ಮುಂಚೆ ನಿಮಗೆ ಸಿಕ್ಕ ನಿಯಮವನ್ನೇ ಅನುಮಾನಿಸಿ.

ಹಾಗಾದರೆ ಬಲ್ಲವರಿಂದ ನಿಯಮ ಬರೆದುಕೊಳ್ಳೋದು ಹೇಗೆ? "ನಿಯಮ ಹೇಳಿ" ಅಂತ ಕೇಳಬೇಡಿ. ಹೇಳುವಾಗ ಯಾರಿಗಾದರೂ ಅರ್ಧ ಮರೆತುಹೋಗುತ್ತದೆ, ಕೈಗೆ ನೆನಪಿರೋದು ಬಾಯಿಗೆ ಬರುವುದಿಲ್ಲ. ಅವರ ಜೊತೆ ಕೂತು ಆಡಿ. ಒಪ್ಪಿದರೆ ಮೇಲಿಂದ ಪಟ ಕಾಣುವ ಹಾಗೆ ಫೋನಿನಲ್ಲಿ ಚಿತ್ರೀಕರಿಸಿ. ಬೇಕಂತಲೇ ಒಂದೆರಡು ವಿಚಿತ್ರ ನಡೆ ಮಾಡಿ, "ಹಾಗೆ ಮಾಡೋ ಹಾಗಿಲ್ಲ" ಅಂದಾಗ ಒಂದು ಹೊಸ ನಿಯಮ ಸಿಕ್ಕಿತು. ಆಟ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಈ ಆಟದಲ್ಲಿ ಜಗಳ ಯಾವಾಗ ಆಗುತ್ತಿತ್ತು? ಗರ ಓರೆ ಬಿದ್ದಾಗ, ಎರಡು ಕಾಯಿ ಒಂದೇ ಮನೆಗೆ ಬಂದಾಗ, ಕೊನೆಯ ಕಾಯಿಗೆ ಲೆಕ್ಕ ಸರಿಹೋಗದಾಗ... ಅಪರೂಪದ ನಿಯಮಗಳೆಲ್ಲ ಈ ಜಗಳಗಳಲ್ಲೇ ಅಡಗಿರುತ್ತವೆ.

ಒಂದೊಂದು ಆಟಕ್ಕೆ ಎರಡು ಪುಟ ಬಿಡಿ. ಆಟದ ಹೆಸರು, ಬೇರೆ ಹೆಸರುಗಳು, ಎಲ್ಲಿಯ ರೂಪ, ಪಟದ ಚಿತ್ರ, ಕಾಯಿ ಎಷ್ಟು, ಶುರು ಹೇಗೆ, ಒಂದು ಸರದಿಯಲ್ಲಿ ಏನೇನು, ಕಡಿಯುವುದು ಹೇಗೆ, ಮುಗಿಯುವುದು ಯಾವಾಗ. ಜೊತೆಗೆ ಪ್ರತಿ ನಿಯಮದ ಪಕ್ಕ ಒಂದು ಗುರುತು: ನೋಡಿದ್ದು, ಕೇಳಿದ್ದು, ಓದಿದ್ದು, ಅಥವಾ ಊಹೆ. ಈ ಗುರುತು ಇಲ್ಲದಿದ್ದರೆ ಕೆಲವು ವರ್ಷದಲ್ಲಿ ನಿಮ್ಮ ಊಹೆಯೇ ಸಂಪ್ರದಾಯ ಆಗಿಬಿಡುತ್ತದೆ. ಒಂದೇ ಆಟಕ್ಕೆ ಎರಡು ಕಡೆ ಎರಡು ನಿಯಮ ಸಿಕ್ಕರೆ ಯಾವುದು ಸರಿ ಅಂತ ತೀರ್ಪು ಕೊಡೋಕೆ ಹೋಗಬೇಡಿ, ಎರಡನ್ನೂ ಬರೆದುಕೊಳ್ಳಿ.

ಹಂತ 5: ವಸ್ತುಗಳನ್ನು ಕೊಳ್ಳೋದು, ಕಾಪಾಡೋದು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಕೊಳ್ಳೋದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಳಸಿದ ಆಟ ಕೊಳ್ಳುವಾಗ ನಿಯಮ ಪುಸ್ತಕದಲ್ಲಿರುವ ಪಟ್ಟಿ ಹಿಡಿದು ಕಾಯಿ, ಕಾರ್ಡು ಎಲ್ಲ ಎಣಿಸಿ. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ, ಬೂಸ್ಟು ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಹಳೇ ಗಂಜೀಫಾ, ಅಂದರೆ ಕೈಯಿಂದ ಚಿತ್ರ ಬರೆದ ಇಸ್ಪೀಟಿನಂಥ ಎಲೆಗಳ, ಕಟ್ಟು ಸಿಕ್ಕರೆ ಎಲೆ ಎಣಿಸುವುದು ಗೊತ್ತಿರಬೇಕು: ಮೊಘಲ್ ಕಟ್ಟಿಗೆ 96 ಎಲೆ, ದಶಾವತಾರ ಕಟ್ಟಿಗೆ 120. ಒಂದೆರಡು ಎಲೆ ಕಡಿಮೆ ಇದ್ದರೆ ನೋಡೋಕೆ ಚೆಂದ, ಆಡೋಕಾಗುವುದಿಲ್ಲ. ಹಳೇ ಚದುರಂಗದ ಕಾಯಿ ದಂತದ್ದು ಅಂತ ಯಾರಾದರೂ ತಂದರೆ ದೂರ ಇರಿ. ಆಫ್ರಿಕಾದ ಆನೆ ದಂತದ ಅಂತಾರಾಷ್ಟ್ರೀಯ ವ್ಯಾಪಾರವೂ ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದಡಿ 1990ರಿಂದ ನಿಂತಿದೆ, ಏಷ್ಯಾದ ಆನೆಯದ್ದಂತೂ ಅದಕ್ಕೂ ಮೊದಲೇ. ಮರದ ಪ್ರತಿಕೃತಿಯಲ್ಲಿ ಆಟ ಅಷ್ಟೇ ಚೆನ್ನಾಗಿರುತ್ತದೆ.

ಕಾರ್ಡಿಗೆ ಕವರ್ ಹಾಕುವುದಾದರೆ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ತಗೊಳ್ಳಿ; ಪಿವಿಸಿ ಕಾಲಕ್ರಮದಲ್ಲಿ ಅಂಟಂಟಾಗಿ ಬಣ್ಣ ಎಳೆಯುತ್ತದೆ. ಬಿಸಿಲು ಮತ್ತು ತೇವ ಎರಡೂ ವೈರಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಆಡದ ಆಟವನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ, ಮತ್ತೆ ಆಡುವ ಮನಸ್ಸಿಲ್ಲದಿದ್ದರೆ ಕೊಟ್ಟುಬಿಡಿ. ನಿಯಮದ ಪುಟ ಹೇಗೂ ನಿಮ್ಮ ನೋಟ್‌ಬುಕ್ಕಿನಲ್ಲಿದೆ.

ಹಂತ 6: ಒಂದು ಪ್ರಶ್ನೆ ಹಿಡಿದು ಆಟ ಕಟ್ಟಿ

ಹೊಸಬರು ಸಾಮಾನ್ಯವಾಗಿ ಕಥೆಯಿಂದ ಶುರು ಮಾಡುತ್ತಾರೆ: ಸಾಮ್ರಾಜ್ಯ, ಏಳು ಕುಲ, ನೂರು ಕಾರ್ಡು. ಮೂರು ತಿಂಗಳು ಚಿತ್ರ ಬರೆದು ಕೊನೆಗೆ ಆಡಿದರೆ ಆಟವೇ ಇರುವುದಿಲ್ಲ. ನನ್ನ ಸಲಹೆ, ಒಂದು ಹಳೇ ಆಟ ಎತ್ತಿಕೊಳ್ಳಿ, ಅದಕ್ಕೆ ಒಂದೇ ಒಂದು "ಹೀಗಾದರೆ?" ಕೇಳಿ. ಆಟ ಕಟ್ಟುವ ಚಟ ಇದ್ದ ಎಷ್ಟೋ ಜನ ಹೀಗೇ ಮಾಡಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೆ ಮಾತ್ರ ನಡೆಸುವ ಒಗಟು ಬಿಡಿಸಿದ್ದೂ ಅಲ್ಲದೆ, ಇದ್ದ ಆಟಗಳನ್ನೇ ಹಿಗ್ಗಿಸಿ ಹೊಸ ಪಟಗಳನ್ನು, ಹೊಸ ಗಂಜೀಫಾ ಕಟ್ಟುಗಳನ್ನು ರೂಪಿಸಿದ್ದರು.

ಉದಾಹರಣೆಗೆ ಒಂದನ್ನು ಇಲ್ಲೇ ಕಟ್ಟೋಣ. ಪ್ರಶ್ನೆ: ಚೌಕಾಬಾರದಲ್ಲಿ ಕವಡೆ ಎಸೆಯುವ ಬದಲು ಗರವನ್ನು ನಾವೇ ಆರಿಸುವ ಹಾಗಿದ್ದರೆ?

5×5ರ ಪಟ ಗೀಚಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕೂ ಬದಿಯ ನಡುಮನೆಗೆ ಕತ್ತರಿ ಗುರುತು, ಅಲ್ಲಿ ಕಾಯಿ ಕಡಿಯುವ ಹಾಗಿಲ್ಲ. ಇಬ್ಬರು ಆಟಗಾರರು, ತಲಾ ಎರಡು ಕಾಯಿ. ಈಗ ಇಬ್ಬರಿಗೂ 16 ಚೀಟಿಯ ಒಂದೊಂದು ಕಟ್ಟು ಮಾಡಿ: ನಾಲ್ಕು ಒಂದು, ಆರು ಎರಡು, ನಾಲ್ಕು ಮೂರು, ಒಂದು ನಾಲ್ಕು, ಒಂದು ಎಂಟು. ಮೇಲೆ ಹೇಳಿದ ಕವಡೆ ಲೆಕ್ಕವೇ ಇದು. ಕಲಸಿ ಮೂರು ಚೀಟಿ ಕೈಯಲ್ಲಿ ಹಿಡಿಯಿರಿ, ಒಂದು ಆಡಿ, ಒಂದು ಎಳೆದುಕೊಳ್ಳಿ. ಕಟ್ಟು ಮುಗಿದರೆ ಕೈಯಲ್ಲಿರೋದನ್ನು ಆಡಿ ಮುಗಿಸಿ ಮತ್ತೆ ಕಲಸಿ. ಅಷ್ಟೇ, ಇದು ಅರ್ಧ ಗಂಟೆಯ ಕೆಲಸ.

ಆಡುವ ಮುಂಚೆಯೇ ಒಂದು ಲೆಕ್ಕ ಹಾಕಬಹುದು. ಒಂದು ಕಾಯಿ ಹಣ್ಣಾಗೋಕೆ 24 ಹೆಜ್ಜೆ, ಎರಡಕ್ಕೆ 48. ಪೂರ್ತಿ ಕಟ್ಟಿನ ಮೊತ್ತ 40. ಅಂದರೆ ಯಾರೂ ಕಡಿಯದಿದ್ದರೆ ತಲಾ 19-20 ಸರದಿ. ಸರದಿಗೆ 20 ಸೆಕೆಂಡ್ ಅಂದರೆ ಹದಿಮೂರು ನಿಮಿಷದ ಆಟ, ಕಡಿತ ಸೇರಿ ಇಪ್ಪತ್ತು ಅನ್ನಿ. ನಾಲ್ಕು ಕಾಯಿ ಕೊಟ್ಟರೆ ಇದು ದುಪ್ಪಟ್ಟಾಗುತ್ತದೆ, ಅದಕ್ಕೇ ಎರಡು.

ಇನ್ನು ಆಡಿ. ಕೂಡಲೇ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೊರಸುತ್ತಿನಲ್ಲಿ ಒಂದು ಕತ್ತರಿಮನೆಯಿಂದ ಇನ್ನೊಂದಕ್ಕೆ ಸರಿಯಾಗಿ ನಾಲ್ಕು ಹೆಜ್ಜೆ. ಅಂದರೆ ನಾಲ್ಕು ಮತ್ತು ಎಂಟು ದೊಡ್ಡ ಗರ ಮಾತ್ರ ಅಲ್ಲ, ಕತ್ತರಿಯಲ್ಲಿ ಕೂತ ಕಾಯಿಯನ್ನು ಮತ್ತೊಂದು ಕತ್ತರಿಗೇ ತಲುಪಿಸುವ ಗರಗಳು. ಕವಡೆ ಎಸೆಯುವಾಗ ಅದು ಅದೃಷ್ಟ ಅಂತ ಖುಷಿಪಟ್ಟು ಮುಂದೆ ಹೋಗುತ್ತೇವೆ, ಚೀಟಿ ಕೈಗೆ ಬಂದ ಮೇಲೆಯೇ ಹಳೇ ಪಟದೊಳಗಿನ ಈ ಲೆಕ್ಕ ಕಾಣೋದು. ಒಂದು, ಎರಡು, ಮೂರು ಆಡಿದರೆ ಕಾಯಿ ಬಯಲಿನಲ್ಲಿ ನಿಲ್ಲುತ್ತದೆ. ಬಯಲಿನಲ್ಲಿ ನಿಂತ ಕಾಯಿಯ ಹಿಂದೆ ಮೂರು ಮನೆಯೊಳಗೆ ಎದುರಾಳಿ ಇದ್ದರೆ, ಅವರ ಕೈಯ ಮೂರು ಚೀಟಿಯಲ್ಲಿ ಸರಿಯಾದದ್ದು ಇರುವ ಸಾಧ್ಯತೆ ಜಾಸ್ತಿಯೇ.

ಹಾಗಾಗಿ ಎಲ್ಲರೂ ನಾಲ್ಕು ಮತ್ತು ಎಂಟನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಆಟ ಕೆಟ್ಟಿತು ಅನಿಸಬಹುದು. ಆದರೆ ಕೈಯಲ್ಲಿ ಮೂರೇ ಚೀಟಿ, ಎರಡನ್ನು ಬಚ್ಚಿಟ್ಟರೆ ಉಳಿಯೋದು ಒಂದು. ಎಳೆದದ್ದನ್ನೇ ಆಡಬೇಕು, ಅಂದರೆ ಮತ್ತೆ ಕವಡೆ ಎಸೆದಷ್ಟೇ ಆಯಿತು. ಬಚ್ಚಿಡೋದಕ್ಕೆ ತಾನಾಗೇ ಬೆಲೆ ತೆರಬೇಕು. ಇದೇ ಆಟದಲ್ಲಿ ಕೈಗೆ ಐದು ಚೀಟಿ ಕೊಟ್ಟು ನೋಡಿ: ಬಚ್ಚಿಡೋದು ಬಿಟ್ಟಿ, ಇಬ್ಬರೂ ಕತ್ತರಿಯಿಂದ ಕದಲುವುದಕ್ಕೇ ಹಿಂಜರಿಯುತ್ತಾರೆ. ಎರಡೇ ಕೊಟ್ಟರೆ ಆಯ್ಕೆಯೇ ಇರುವುದಿಲ್ಲ. ಇಡೀ ಆಟ ನಿಂತಿರೋದು ಮೂರು ಅನ್ನುವ ಆ ಒಂದು ಅಂಕಿಯ ಮೇಲೆ. ಪ್ರತಿ ಆಟದಲ್ಲೂ ಇಂಥದ್ದೊಂದು ಅಂಕಿ ಇರುತ್ತದೆ. ಅದನ್ನು ಹುಡುಕಿ, ಮೇಲೆ ಕೆಳಗೆ ಮಾಡಿ ಆಡಿ, ಆಮೇಲಷ್ಟೇ ಉಳಿದದ್ದನ್ನು ಮುಟ್ಟಿ.

ಚೌಕಾಬಾರದಲ್ಲಿ ನಾಲ್ಕು ಅಥವಾ ಎಂಟು ಬಿದ್ದರೆ ಮತ್ತೊಂದು ಗರ ಉಂಟಲ್ಲ, ಅದು ಇಲ್ಲಿ ಬೇಕಾ? ಬೇಡ ಅಂತ ನನಗನಿಸುತ್ತದೆ. ಮೊದಲೇ ಬಲವಾದ ಚೀಟಿಗೆ ಇನ್ನಷ್ಟು ಬಲ ಕೊಟ್ಟ ಹಾಗಾಗುತ್ತದೆ. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವ ನಿಯಮ ಮಾತ್ರ ಇಲ್ಲಿ ಬೇಕೇ ಬೇಕು. ಇಲ್ಲದಿದ್ದರೆ ಇಬ್ಬರೂ ತಮ್ಮ ಪಾಡಿಗೆ ಓಡಿ ಮುಗಿಸುತ್ತಾರೆ.

ಹಂತ 7: ಆಡಿಸಿ ನೋಡಿ

ಮೊದಲು ಒಬ್ಬರೇ, ಎರಡೂ ಕಡೆ ನೀವೇ ಆಡಿ. ಒಂದು ಕಡೆ ಕೇವಲ ಓಡಲಿ, ಇನ್ನೊಂದು ಕಡೆ ಕೇವಲ ಕಡಿಯಲಿ. ಒಂದೇ ತಂತ್ರ ಪದೇ ಪದೇ ಗೆದ್ದರೆ ಅಲ್ಲೇ ತೂತಿದೆ. ಆಮೇಲೆ ಪರಿಚಯದವರ ಜೊತೆ. ಅವರು ಆಡುವಾಗ ಬಾಯಿ ಮುಚ್ಚಿಕೊಂಡಿರೋದು ಕಷ್ಟ, ಆದರೆ ಇರಬೇಕು. ಪ್ರತಿ ಆಟಕ್ಕೂ ಒಂದು ಸಾಲು ಬರೆಯಿರಿ: ಎಷ್ಟು ಹೊತ್ತು, ಯಾರು ಮೊದಲು ಆಡಿದ್ದು, ಯಾರು ಗೆದ್ದಿದ್ದು, ಯಾವಾಗ ಫೋನ್ ಕೈಗೆತ್ತಿಕೊಂಡರು. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ. ಬೇಜಾರಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ಹೇಳುತ್ತದೆ.

"ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತಾರೆ, ಮುಗೀತು. ಬದಲಿಗೆ ಯಾವ ನಡೆ ಆಡುವಾಗ ಜಾಸ್ತಿ ಯೋಚನೆ ಮಾಡಿದಿರಿ, ಸೋಲುತ್ತೇನೆ ಅಂತ ಯಾವಾಗ ಗೊತ್ತಾಯಿತು ಅಂತ ಕೇಳಿ. ಅರ್ಧ ಆಟದಲ್ಲೇ ಸೋಲು ಗೊತ್ತಾದರೆ ಉಳಿದರ್ಧ ಶಿಕ್ಷೆ. ಅದಕ್ಕೆ ಮದ್ದು ಎರಡು: ಹಿಂದಿರುವವರಿಗೆ ಸ್ವಲ್ಪ ಅನುಕೂಲ ಕೊಡಿ, ಇಲ್ಲವೇ ಆಟವನ್ನೇ ಬೇಗ ಮುಗಿಸಿ. ಎರಡನೆಯದೇ ಉತ್ತಮ. ಮೂರು ಅಥವಾ ಹೆಚ್ಚು ಜನ ಇದ್ದರೆ ಇನ್ನೊಂದು ರೋಗ ಬರುತ್ತದೆ, ಗೆಲ್ಲೋಕಾಗದವರು ಯಾರು ಗೆಲ್ಲಬೇಕು ಅಂತ ತೀರ್ಮಾನ ಮಾಡೋದು. ಪೂರ್ತಿ ಗುಣವಾಗದ ರೋಗ ಅದು. ಅಂಕಗಳನ್ನು ಕೊನೆಯವರೆಗೆ ಮುಚ್ಚಿಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ನಿಯಮ ಒಟ್ಟಿಗೆ ತಿದ್ದಿದರೆ ಆಟ ಸುಧಾರಿಸಿದ್ದು ಯಾವುದರಿಂದ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹಂತ 8: ನಿಯಮ ಬರೆಯಿರಿ, ಅಪರಿಚಿತರಿಗೆ ಕೊಡಿ

ಬರೆಯುವ ಕ್ರಮ ಹೀಗಿರಲಿ: ಗೆಲ್ಲೋದು ಹೇಗೆ, ಏನೇನು ಬೇಕು, ಜೋಡಿಸೋದು ಹೇಗೆ, ಒಂದು ಸರದಿ, ಮುಗಿಯೋದು ಯಾವಾಗ, ಸಮವಾದರೆ ಏನು. ಗುರಿ ಮೊದಲ ಸಾಲಿನಲ್ಲೇ ಬರಬೇಕು, ಯಾಕೆ ಆಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಓದಿದ ನಿಯಮ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ವಸ್ತುವಿಗೆ ಒಂದೇ ಹೆಸರು. ಒಮ್ಮೆ ಕಾಯಿ, ಒಮ್ಮೆ ಗೊಂಬೆ, ಒಮ್ಮೆ ಸೈನಿಕ ಅಂದರೆ ಮೂರು ಬೇರೆ ವಸ್ತು ಅಂದುಕೊಳ್ಳುತ್ತಾರೆ. ಆಟವಾಡುವಾಗ ಬಂದ ಜಗಳಗಳನ್ನೆಲ್ಲ ಚಿತ್ರ ಸಮೇತ ಉದಾಹರಣೆಯಾಗಿ ಕೊಡಿ.

ಆಮೇಲೆ ಆಟವನ್ನೇ ನೋಡದ ಇಬ್ಬರ ಕೈಗೆ ಡಬ್ಬಿ ಕೊಟ್ಟು ಪಕ್ಕಕ್ಕೆ ಕೂತುಬಿಡಿ. ಪ್ರಶ್ನೆ ಕೇಳಿದರೂ ಉತ್ತರ ಕೊಡಬೇಡಿ, ಪ್ರಶ್ನೆಯನ್ನು ಮಾತ್ರ ಬರೆದುಕೊಳ್ಳಿ. ಅವರು ಎಡವಿದ ಪ್ರತಿ ಜಾಗದಲ್ಲಿ ನಿಮ್ಮ ಬರಹ ಎಡವಿದೆ. ಬೇರೆ ಬೇರೆ ಜೋಡಿಗಳು ಪ್ರಶ್ನೆ ಕೇಳದೆ ಒಂದು ಆಟ ಮುಗಿಸುವವರೆಗೂ ಚಿತ್ರಕಾರರ ಹತ್ತಿರ ಹೋಗಬೇಡಿ.

ಹಂತ 9: ಹೊರಗೆ ತರೋದಾದರೆ

ಸಾಮಾನ್ಯವಾಗಿ ಆಟ ಆಡುವ ವಿಧಾನಕ್ಕೆ ಕೃತಿಸ್ವಾಮ್ಯ ಇರುವುದಿಲ್ಲ. ನೀವು ಬರೆದ ನಿಯಮದ ಮಾತುಗಳಿಗೆ, ಚಿತ್ರಗಳಿಗೆ ಇರುತ್ತದೆ, ಹೆಸರಿಗೆ ಟ್ರೇಡ್‌ಮಾರ್ಕ್ ತಗೊಳ್ಳಬಹುದು. ಹಾಗಾಗಿ ಹಳೇ ಆಟದ ವಿಧಾನ ಬಳಸೋಕೆ ಅಂಜಬೇಕಿಲ್ಲ, ಇನ್ನೊಬ್ಬರ ನಿಯಮ ಪುಸ್ತಕದ ಸಾಲು ಎತ್ತೋಕೆ ಮಾತ್ರ ಹೋಗಬೇಡಿ. ಯಾರಿಂದ ಕಲಿತಿರೋ ಅವರ ಪರಂಪರೆಯನ್ನು ಮೊದಲ ಪುಟದಲ್ಲೇ ಹೇಳಿ. ಎಲಿಜಬೆತ್ ಮ್ಯಾಗಿ 1904ರಲ್ಲೇ ಪೇಟೆಂಟ್ ಪಡೆದಿದ್ದ ಲ್ಯಾಂಡ್‌ಲಾರ್ಡ್ಸ್ ಗೇಮ್‌ನಿಂದ ಹುಟ್ಟಿದ ಮೊನೊಪೊಲಿ 1935ರಲ್ಲಿ ಮಾರುಕಟ್ಟೆಗೆ ಬಂದಾಗ ಜನಕ್ಕೆ ಗೊತ್ತಾಗಿದ್ದು ಚಾರ್ಲ್ಸ್ ಡಾರೋ ಹೆಸರು. ಮ್ಯಾಗಿಯ ಪಾಲು ಬೆಳಕಿಗೆ ಬರೋಕೆ ದಶಕಗಳೇ ಬೇಕಾದವು.

ಮೊದಲ ಹೆಜ್ಜೆಗೆ ಮುದ್ರಿಸಿಕೊಂಡು ಆಡಬಹುದಾದ ಪಿಡಿಎಫ್ ಸಾಕು. ಕಾರ್ಡಿನ ಅಳತೆ 63×88 ಮಿ.ಮೀ. ಇಟ್ಟರೆ ಸಿದ್ಧ ಕವರ್‌ಗಳು ಸರಿಹೊಂದುತ್ತವೆ, ಒಂದು ಎ4 ಹಾಳೆಯಲ್ಲಿ ಒಂಬತ್ತು ಕೂರುತ್ತವೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು) ಇರಲಿ, ತೆಳುವಾದರೆ ಹಿಂದಿನಿಂದ ಅಂಕಿ ಕಾಣುತ್ತದೆ. ಬಣ್ಣಕುರುಡು ಇರುವವರಿಗೂ ಗೊತ್ತಾಗುವಂತೆ ಪ್ರತಿ ಬಣ್ಣದ ಜೊತೆ ಒಂದು ಆಕಾರ ಕೊಡಿ. ನಿಯಮದ ಪ್ರತಿ ಪುಟದ ಕೆಳಗೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕಿ, ಯಾಕೆಂದರೆ ಎಲ್ಲೋ ಇರುವ ಒಬ್ಬರು ನಿಮ್ಮ ಹಳೇ ಪ್ರತಿ ಹಿಡಿದು ಇನ್ನೊಬ್ಬರ ಹೊಸ ಪ್ರತಿಯ ಜೊತೆ ಜಗಳ ಆಡೇ ಆಡುತ್ತಾರೆ.